ಕಿಡ್ನಿ ಮೇಡಂ

ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತಿದ್ದ ಹೊಸ ಸಂಶೋಧಕಿ ತನ್ನನ್ನೇ ನೋಡುತ್ತಿದ್ದಾಳೆಂದು ಸರ್ಜನ್‌ಗೆ ಅನಿಸಿತು. ಮಾಸ್ಕಿನ ಮೇಲೆ ಕಂಡಿದ್ದು ಎರಡೇ ಕಣ್ಣು, ಅದೂ ರೆಪ್ಪೆ ಮಿಟುಕಿಸದ ಕಣ್ಣು. ತೆರೆದ ಎದೆಯೊಳಗೆ ಹೊಲಿಗೆ ಹಾಕುತ್ತಿದ್ದವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಹೊರಗೆ ಕೈ ತೊಳೆಯುವಾಗ ಕೇಳಿಯೇಬಿಟ್ಟ.

"ಅಷ್ಟೊತ್ತು ಏನು ನೋಡ್ತಿದ್ರಿ?"

"ಮೂತ್ರದ ಚೀಲ. ನೀವು ಪದೇಪದೇ ಅಡ್ಡ ಬರ್ತಿದ್ರಿ."

ಪಕ್ಕದ ನರ್ಸ್ ಕೆಮ್ಮುವ ನೆಪದಲ್ಲಿ ನಗು ನುಂಗಿದಳು.

ಹೃದಯದ ಆಪರೇಷನ್ ಚೆನ್ನಾಗಿ ಆದರೂ ಕೆಲವರ ಕಿಡ್ನಿಗೆ ಯಾಕೆ ಪೆಟ್ಟು ಬೀಳುತ್ತದೆ ಎಂಬುದೇ ಅವಳ ಸಂಶೋಧನೆ. ವಾರ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅವಳು ಕಿಡ್ನಿ ಮೇಡಂ ಆದಳು. ಸರ್ಜನ್ ಮಾತ್ರ ಏನೂ ಕರೆಯದೆ, ಕ್ಯಾಂಟೀನಿನಲ್ಲಿ ಅವಳ ಎದುರು ಕಾಫಿ ಹಿಡಿದು ಕೂರುವುದನ್ನು ರೂಢಿ ಮಾಡಿಕೊಂಡ.

"ಆಪರೇಷನ್ ನಡುವೆ ಬಿಪಿ ಇಳಿಸಿ ಅಂತೀರಲ್ಲ, ಯಾಕೆ?"

"ರಕ್ತ ಕಮ್ಮಿ ಹೋಗುತ್ತೆ, ಹೊಲಿಗೆ ಹಾಕೋ ಜಾಗ ಚೆನ್ನಾಗಿ ಕಾಣುತ್ತೆ. ನಮ್ಮ ಗುರುಗಳು ಹಾಗೇ ಕಲಿಸಿದ್ದು."

"ಅವರಿಗೆ ಯಾರು ಕಲಿಸಿದ್ರು?"

"ಅವರ ಗುರುಗಳು."

"ಅವರು ಕಿಡ್ನಿ ನೋಡಿದ್ರಾ?"

ಅವನು ನಕ್ಕ. ಕಪ್ಪಿನ ಅಂಚಿನ ಮೇಲಿಂದ ಅವಳ ಹುಬ್ಬು ಏರಿತು. ಆ ಹುಬ್ಬು ಇನ್ನೊಮ್ಮೆ ಏರಲಿ ಎಂದೇ ಮರುದಿನ ಅವನು ಒಂದು ಪೆದ್ದು ಪ್ರಶ್ನೆ ಹುಡುಕಿಕೊಂಡು ಬಂದ.

ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದು ಅವನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಬೇರೆಯವರ ಬಾಯಲ್ಲಿ ಕೇಳೋ ಮುಂಚೆ ನಾನೇ ಹೇಳ್ತೀನಿ. ಕಿಡ್ನಿಗೆ ಪೆಟ್ಟಾಗೋದು ನಿಮ್ಮ ಥಿಯೇಟರಿನಲ್ಲೇ ಜಾಸ್ತಿ. ಬಿಪಿ ತುಂಬಾ ಹೊತ್ತು ಕೆಳಗಿರೋದೇ ಕಾರಣ ಅಂತ ನನ್ನ ಅನುಮಾನ."

ಅವನ ಮುಖ ಕೆಂಪಾಯಿತು. "ನನ್ನ ಪೇಷಂಟುಗಳು ನಡ್ಕೊಂಡೇ ಮನೆಗೆ ಹೋಗ್ತಾರೆ."

"ಹೋಗ್ತಾರೆ. ಆಮೇಲೆ ಕೆಲವರು ಮೇಲಿನ ಮಹಡಿಗೆ ವಾಪಸ್ ಬರ್ತಾರೆ. ಅಲ್ಲಿಗೆ ನೀವು ಹೋಗಲ್ಲ."

ಅವಳು ಹೋದ ಮೇಲೆ ಅವನು ಬಹಳ ಹೊತ್ತು ಕುರ್ಚಿಯಲ್ಲೇ ಕುಳಿತ. ಸಿಟ್ಟು ಇಳಿದಂತೆ ಒಳಗೆ ಹುಳ ಕೊರೆಯತೊಡಗಿತು: ನಿಜವಿದ್ದರೆ? ಎದ್ದು ಮೆಟ್ಟಿಲು ಹತ್ತಿ ಡಯಾಲಿಸಿಸ್ ವಾರ್ಡಿಗೆ ಹೋದ.

ಕಿಟಕಿ ಪಕ್ಕದ ಮಂಚದಲ್ಲಿ ಅವನೇ ಆಪರೇಷನ್ ಮಾಡಿದ್ದ ಹೆಂಗಸೊಬ್ಬರು ಕೈಗೆ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದರು.

"ಅಯ್ಯೋ ಡಾಕ್ಟ್ರೇ, ನೀವಾ! ಹೃದಯ ಕುದುರೆ ಹಾಗೆ ಓಡ್ತಿದೆ. ಕಿಡ್ನಿ ಮಾತ್ರ ಯಾಕೋ ಮುನಿಸ್ಕೊಂಡಿದೆ, ನೋಡಿ."

ಅವರ ನಗು ಅವನಿಗೆ ಬೈಗುಳಕ್ಕಿಂತ ಭಾರವಾಯಿತು.

ಮರುದಿನ ಬೆಳಗ್ಗೆ ಅವಳ ಮೇಜಿನ ಮುಂದೆ ನಿಂತ. "ಬಿಪಿ ಎಷ್ಟಿರಬೇಕು ಹೇಳಿ. ಸರಿಯಾಗಿ ಪರೀಕ್ಷೆ ಮಾಡೋಣ. ನನ್ನ ಥಿಯೇಟರಿಂದಲೇ ಶುರುವಾಗಲಿ. ಇಲ್ಲಿವರೆಗೆ ಆಗಿರೋದನ್ನೂ ಮುಚ್ಚಿಡದೆ ಪ್ರಕಟಿಸಿ."

"ನಿಮ್ಮ ಹೆಸರಿಗೆ ಮಸಿ ಬಳಿಯುತ್ತಲ್ಲ?"

"ಬಳಿಯಲಿ. ನಿಜ ಏನಂತ ನನಗೂ ಗೊತ್ತಾಗಬೇಕು."

ಮೊದಲ ಬಾರಿಗೆ ಅವಳು ಅವನನ್ನೇ ಕಣ್ಣಿಟ್ಟು ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ಕೇಳದೆ ತಲೆ ತಗ್ಗಿಸಿದಳು.

ಪರೀಕ್ಷೆ ತಿಂಗಳುಗಟ್ಟಲೆ ನಡೆಯಿತು. ಬಿಪಿ ಮೇಲಿಟ್ಟಾಗ ರಕ್ತ ಒಸರಿ ಹೊಲಿಗೆ ಕಷ್ಟವಾಯಿತು. ಅವನು ಗೊಣಗಿದ, ಆದರೆ ಬಿಡಲಿಲ್ಲ. ಕಿಡ್ನಿಗೆ ಪೆಟ್ಟು ಬೀಳುವವರು ಮೆಲ್ಲಗೆ ಕಡಿಮೆಯಾದರು. ಎಲ್ಲರೂ ಪಾರಾಗಲಿಲ್ಲ. ಯಾಕಿರಬಹುದೆಂದು ಇಬ್ಬರೂ ಕ್ಯಾಂಟೀನಿನಲ್ಲಿ ಕಾಫಿ ಆರುವವರೆಗೆ ಜಗಳವಾಡಿದರು.

ಆಗಲೇ ಅವಳ ಅಪ್ಪನಿಗೆ ಏದುಸಿರು ಶುರುವಾಯಿತು. ಬದುಕಿಡೀ ಮಕ್ಕಳಿಗೆ ಈಜು ಕಲಿಸಿದ ಮನುಷ್ಯ ನಾಲ್ಕು ಮೆಟ್ಟಿಲು ಹತ್ತಿ ಕುಸಿದು ಕೂತರು. ಹೃದಯದ ಕವಾಟ ಕೆಟ್ಟಿತ್ತು. ಸಾಲದ್ದಕ್ಕೆ ಕಿಡ್ನಿಯೂ ಅಷ್ಟಕ್ಕಷ್ಟೇ.

"ನೀವೇ ಮಾಡಬೇಕು," ಎಂದಳು ಅವನಿಗೆ.

"ನನ್ನ ತಪ್ಪೆಲ್ಲ ನಿಮ್ಮಷ್ಟು ಗೊತ್ತಿರೋರು ಇನ್ಯಾರೂ ಇಲ್ಲ. ಆದ್ರೂ?"

"ಅದಕ್ಕೇ."

ಆಪರೇಷನ್ ದಿನ ಅವಳನ್ನು ಒಳಗೆ ಬಿಡಲಿಲ್ಲ. ಮಗಳಾಗಿ ಹೊರಗಿನ ಬೆಂಚಿನಲ್ಲಿ ಕುಳಿತಳು. ಸಂಜೆ ಅವನು ಬಂದು ಪಕ್ಕದಲ್ಲಿ ಕುಳಿತಾಗ ಅವಳ ಬಾಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ.

"ಹೃದಯ ಚೆನ್ನಾಗಿದೆ. ಕಿಡ್ನಿ ವಿಷಯ ಹೇಳೋಕೆ ಎರಡು ದಿನ ಕಾಯಬೇಕು. ಕಾಯೋಣ, ನಾನೂ ಇರ್ತೀನಿ," ಎಂದ.

ಅವಳು ಅವನ ಭುಜಕ್ಕೆ ತಲೆಯಾನಿಸಿ ಅತ್ತುಬಿಟ್ಟಳು. ಅವನು ಅಲುಗಾಡದೆ ಕುಳಿತ.

ಮೂರನೆಯ ದಿನದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಮೊದಲಿದ್ದಂತೆಯೇ ಇತ್ತು. ಮಗಳೂ ಸರ್ಜನ್ನೂ ಮಂಚದ ಎರಡು ಬದಿಯಲ್ಲಿ ನಿಂತು ಒಟ್ಟಿಗೆ ಉಸಿರು ಬಿಟ್ಟರು. ಅಪ್ಪ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು.

"ಏನಪ್ಪಾ, ಇವಳು ಚಿಕ್ಕೋಳಿದ್ದಾಗಿಂದ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿಂದಿದ್ದಾಳೆ. ತಡ್ಕೋತೀಯಾ?"

"ಇನ್ನೂ ಮುಖ್ಯವಾದದ್ದು ಕೇಳೇ ಇಲ್ಲ ಅಂಕಲ್. ಕಾಯ್ತಾ ಇದ್ದೀನಿ," ಎಂದ ಅವನು.

ಅವಳ ಕಿವಿ ಕೆಂಪಾಯಿತು. ಹೊದಿಕೆ ಸರಿಮಾಡುವವಳಂತೆ ಬಾಗಿ, ಅಪ್ಪನ ಕಾಲ ಮೇಲಿಂದ ಕೈ ಚಾಚಿ, ಅವನ ಬೆರಳು ಹಿಡಿದಳು.

"ಇದಕ್ಕೆ ಪ್ರಶ್ನೆ ಬೇಕಿಲ್ಲ," ಎಂದಳು.

ಅಪ್ಪ ಗೋಡೆ ಕಡೆ ಮುಖ ತಿರುಗಿಸಿ, ನಿದ್ದೆ ಬಂದವರಂತೆ ನಟಿಸುತ್ತ ಕಣ್ಣು ಮುಚ್ಚಿಕೊಂಡರು.