ಇಸಾಬೆಲ್ಲಾಳ ಬಾಚಣಿಗೆ

"ಅದೊಂದನ್ನು ಕೊಂಡೋಗ್ಬೇಡಿ ಅಮ್ಮ. ಅದಕ್ಕೆ ಮಾಟ ಉಂಟಂತೆ. ಸಮುದ್ರಕ್ಕೆ ಬಿಸಾಡ್ಲಿಕ್ಕೆ ಅಂತ ಮೇಡಂ ತೆಗೆದಿಟ್ಟದ್ದು," ಎಂದಳು ಪಕ್ಕದ ವಿಲ್ಲಾದ ಮನೆಗೆಲಸದ ಲೂರ್ಡ್ಸ್.

ನೀರಜಾ ನಕ್ಕುಬಿಟ್ಟಳು. "ಬಾಚಣಿಗೆಗೂ ಮಾಟ ಮಾಡ್ತಾರಾ ನಿಮ್ಮ ಮಂಗಳೂರಲ್ಲಿ?"

"ನಮ್ಮೂರಿನದ್ದಲ್ಲ. ಮೇಡಂನ ಕುಟುಂಬದ್ದು."

ದಂತದ ಹಲ್ಲುಗಳು, ಕಪ್ಪುಗಟ್ಟಿದ ಬೆಳ್ಳಿಯ ಹಿಡಿ. ನೀರಜಾ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ತಂದಳು.

ತೈಲದ ಬೆಲೆ ಕುಸಿದು ಎರಡನೆಯ ವರ್ಷ. ಕೊಲ್ಲಿ ದೇಶದ ಸೀಬ್ ಪಟ್ಟಣದ ಆ ಓಣಿಯಲ್ಲಿ ವಿಲ್ಲಾಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಕೆಲಸ ಕಳೆದುಕೊಂಡ ಎಡ್ಮಂಡ್ ಆಗಲೇ ಇಂಗ್ಲೆಂಡಿಗೆ ಮರಳಿದ್ದ. ಅವನ ಹೆಂಡತಿ ರೋಸ್, ಲೂರ್ಡ್ಸ್‌ಳ ಮೇಡಂ, ಸಾಮಾನುಗಳನ್ನೆಲ್ಲ ನೆರೆಯವರಿಗೆ ಹಂಚುತ್ತಿದ್ದಳು. ಪಕ್ಕದ ಮನೆಯ ನೀರಜಾ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತಷ್ಟೆ. ಗಂಡ ನಂದನ್‌ಗೆ ರುಸೈಲ್‌ನ ಕಾರ್ಖಾನೆಯಲ್ಲಿ ಕೆಲಸ. ಮಗಳು ಖುಷಿಗೆ ಐದು ವರ್ಷ.

ಮರುದಿನ ಮಧ್ಯಾಹ್ನ ಧೂಳಿನ ಬಿರುಗಾಳಿ ಎದ್ದಿತು. ಕಿಟಕಿಗಳು ಮೊದಲು ಹಳದಿಯಾದವು, ಆಮೇಲೆ ಮಣ್ಣಿನ ಬಣ್ಣಕ್ಕೆ ತಿರುಗಿದವು, ಆಮೇಲೆ ಪೂರ್ತಿ ಕಪ್ಪು. ಕರೆಂಟು ಹೋಯಿತು. ಹೆದರಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀರಜಾ ಅದೇ ಬಾಚಣಿಗೆಯಿಂದ ತಲೆ ಬಾಚತೊಡಗಿದಳು. ಎಲ್ಲಿಂದಲೋ ಆರಿಸಿದ ಮೇಣದಬತ್ತಿಯ ಕಮಟು. ಅದರ ಹಿಂದೆಯೇ ಒದ್ದೆ ಉಣ್ಣೆಯ, ಕೊಳೆತ ಗುಲಾಬಿಯ ನಾತ. ಬಾಚಣಿಗೆಗೆ ಒಂದು ಕೂದಲು ಸಿಕ್ಕಿತು. ಉದ್ದನೆಯದು. ಹೊಂಬಣ್ಣದ್ದು. ಮತ್ತೊಂದು. ಇನ್ನೊಂದು. ಖುಷಿಯ ಕೂದಲು ಕಪ್ಪು. ಹಿಂದೆ ಯಾರೋ ಉಸಿರಾಡಿದರು. ನೀರಜಾ ತಿರುಗಿದಳು. ಯಾರೂ ಇಲ್ಲ. ಕೈ ನಿಲ್ಲಲೊಲ್ಲದು. ಬಾಚುತ್ತಲೇ ಇತ್ತು. ಮಗು ಮೆಲ್ಲನೆ ಮುಖ ಎತ್ತಿ, ಅಪರಿಚಿತರೊಡನೆ ಆಡುವ ಇಂಗ್ಲಿಷಿನಲ್ಲಿ ಕೇಳಿತು.

"ಹೂ ಆರ್ ಯೂ?"

ನೀರಜಾ ಮುಟ್ಟಲು ಹೋದಳು. ಮಗು ಕಿಟಾರನೆ ಕಿರುಚಿತು.

ಸಂಜೆಯೊಳಗೆ ಖುಷಿಗೆ ಜ್ವರ ಏರಿತು. ಆಸ್ಪತ್ರೆಯವರಿಗೆ ಕಾರಣ ಸಿಗಲಿಲ್ಲ. ಅಪ್ಪನ ಹೆಗಲ ಮೇಲೆ ಸುಮ್ಮನಿರುವ ಮಗು ಅಮ್ಮ ಹತ್ತಿರ ಬಂದರೆ ಸೆಟೆದುಕೊಳ್ಳುತ್ತಿತ್ತು. ಮೂರನೆಯ ದಿನ ನೀರಜಾ ಬಾಚಣಿಗೆ ಹಿಡಿದು ರೋಸ್‌ಳ ಬಾಗಿಲಿಗೆ ಓಡಿದಳು.

ರೋಸ್ ಬಾಚಣಿಗೆಯನ್ನು ಕಂಡು ಅದರ ಕಥೆ ಹೇಳಿದಳು. ನಾನೂರು ವರ್ಷಗಳ ಹಿಂದೆ ಅವಳ ವಂಶದ ಇಸಾಬೆಲ್ಲಾ ಎಂಬವಳು ರಾಣಿಯ ಸಖಿಯಾಗಿದ್ದಳಂತೆ. ರಾಜಕುಮಾರನನ್ನು ಸಾಕುವ ಗೌರವ ಸಿಕ್ಕಿತೆಂದು ತನ್ನ ಮಗಳನ್ನು ಹಳ್ಳಿಯ ದಾದಿಯ ಮಡಿಲಿಗೆ ಹಾಕಿ ಅರಮನೆ ಸೇರಿದಳು. ಮಗಳಿಗೆ ಸಿಡುಬು ಬಂದು, ಅಮ್ಮಾ ಎಂದು ಕರೆಯುತ್ತಿದ್ದಾಳೆ ಎಂಬ ಓಲೆ ಬಂದಾಗ ಅವಳು ಆಸ್ಥಾನದ ನರ್ತನಕ್ಕೆ ಸಿಂಗರಿಸಿಕೊಳ್ಳುತ್ತಿದ್ದಳು. ಹೋಗಲಿಲ್ಲ. ಹೆಣದ ತಲೆ ಬಾಚಿದ ದಾದಿ ಆ ಬಾಚಣಿಗೆಗೆ ಮಂತ್ರ ಹಾಕಿ ಅವಳಿಗೆ ಕಳಿಸಿದಳು: ಇದರಿಂದ ತಲೆ ಬಾಚಿಸಿಕೊಂಡ ಮಗು ತಾಯಿಯನ್ನು ಗುರುತಿಸದಿರಲಿ.

"ನಾನೂ ನಕ್ಕಿದ್ದೆ," ಎಂದಳು ರೋಸ್. "ನನ್ನ ಮಗಳು ಲೈಲಾ ಒಂಬತ್ತು ದಿನ ಜ್ವರದಲ್ಲಿ ಬೆಂದಳು. ಅವಳನ್ನು ಊರಲ್ಲೇ ಬಿಟ್ಟು ನಾನು ಮನೆಯಿಂದ ಹೊರಟ ದಿನ ಜ್ವರ ಇಳಿಯಿತು."

"ಇದನ್ನ ಸುಟ್ಟುಹಾಕಿದ್ರೆ?"

ರೋಸ್ ತಲೆಯಾಡಿಸಿದಳು. "ಬಾಚಿದ ಮೇಲೆ ಪ್ರಯೋಜನವಿಲ್ಲ."

ನೀರಜಾ ನಂಬಲಿಲ್ಲ. ಪರೀಕ್ಷಿಸಲೆಂದು ಅಂದು ಮನೆಯ ಗೇಟಿನ ಹೊರಗೇ ನಿಂತಳು. ಒಳಗಿಂದ ನಂದನ್ ಫೋನಿನಲ್ಲಿ ಥರ್ಮಾಮೀಟರ್ ಓದುತ್ತಿದ್ದ. ನೂರಾ ಮೂರು. ನೂರಾ ಒಂದು. "ನೀರೂ, ಇಳೀತಿದೆ ಕಣೇ!" ಅವಳು ಒಂದು ಹೆಜ್ಜೆ ಒಳಗಿಟ್ಟಳು. ಫೋನಿನಲ್ಲಿ ಅವನ ದನಿ ಉಡುಗಿತು. ನೂರಾ ನಾಲ್ಕು.

ಅವಳು ಹೆಜ್ಜೆ ಹಿಂದಿಟ್ಟಳು. ಬಟ್ಟೆಬರೆಯ ಪೆಟ್ಟಿಗೆಯನ್ನು ನಂದನ್ ಗೇಟಿಗೇ ತಂದುಕೊಟ್ಟ. ಇಬ್ಬರೂ ಅಳಲಿಲ್ಲ. ಅತ್ತರೆ ಮಗು ಎದ್ದೀತು ಎಂಬ ಭಯ. ಲೂರ್ಡ್ಸ್ ಮಗುವನ್ನು ನೋಡಿಕೊಳ್ಳಲು ಒಪ್ಪಿದಳು. ಮರುದಿನ ನೀರಜಾ ಮೈಸೂರಿಗೆ ಹೊರಟಳು, ಒಬ್ಬಳೇ.

ಖುಷಿ ಶಾಲೆಗೆ ಹೋಗತೊಡಗಿದಳು. ಭಾನುವಾರಗಳಂದು ನಂದನ್ ಫೋನನ್ನು ಅವಳ ಕೈಗೆ ಕೊಡುತ್ತಾನೆ. ಅಮ್ಮನ ಬರೀ ದನಿ ಕೇಳಿದರೆ ಅವಳಿಗೆ ಜ್ವರ ಬರುವುದಿಲ್ಲ. ಹೋದ ವಾರ ಅವಳು ಬಲು ಮರ್ಯಾದೆಯಿಂದ ಕೇಳಿದಳು:

"ಆಂಟಿ, ಡು ಯೂ ಹ್ಯಾವ್ ಕಿಡ್ಸ್?"

ನೀರಜಾ ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಕೈ ತೆಗೆದು ಹೇಳಿದಳು.

"ಒಬ್ಬಳಿದ್ದಾಳೆ ಪುಟ್ಟಾ. ಈಗ ಹುಷಾರಾಗಿದ್ದಾಳೆ."