ಬಾಬಿನ್ ಕೇಸು

ಆ ಬೆಳಗ್ಗೆ ಆಷಾಢದ ಗಾಳಿ ರಾಯದುರ್ಗದ ಕೋಟೆಬೆಟ್ಟದಿಂದ ಇಳಿದು, ಬೀದಿಯ ಧೂಳನ್ನೆಲ್ಲ ವಕೀಲೆ ಕದರಮ್ಮನವರ ಜಗುಲಿಗೆ ತಂದು ಸುರಿಯುತ್ತಿತ್ತು. ಅವರು ಹೇಳಿಕಳಿಸಿದ್ದಕ್ಕೆ ಬಂದಿದ್ದ ಶ್ರೀಲತಾ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

ಎದುರಿಗೆ ಗಂಡ ಓಬುಲೇಶ!

ಮೂರು ತಿಂಗಳ ಮೇಲೆ ಕಂಡ ಮುಖ. ಸೊರಗಿದ್ದ. ಅಯ್ಯೋ ಎಂದ ತನ್ನ ಮನಸ್ಸಿನ ಮೇಲೇ ಅವಳಿಗೆ ಸಿಟ್ಟು ಬಂತು...

ಜೀನ್ಸ್ ಹೊಲಿಯುವ ಅವನ ಶೆಡ್ಡು ಮುಳುಗಿ ಫೈನಾನ್ಸಿನವರು ಬಾಗಿಲಿಗೆ ಬಂದ ದಿನ ಬಳ್ಳಾರಿಗೆ ಹೋದವನು. ಹೋಗುವಾಗ ಅವಳ ತವರಿನ ಹೊಲಿಗೆ ಮಷೀನಿನಿಂದ ಕೆಳದಾರ ಹಿಡಿಯುವ ಬಾಬಿನ್ ಕೇಸನ್ನು ಕಿತ್ತೊಯ್ದಿದ್ದ. ಅದಿಲ್ಲದೆ ಮಷೀನು ಓಡದು. ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿತ್ತು. ಅವಳು ಕೊಳ್ಳಲಿಲ್ಲ. ಕಿತ್ತವನೇ ತಂದಿಡಲಿ ಎಂಬ ಹಟ. ಬೇರೆಯವರ ಮಷೀನು ತುಳಿದು ಹೊಟ್ಟೆ ಹೊರೆದಳು.

ಈಗ ಡೈವರ್ಸ್ ಕಾಗದ ಹಿಡಿದು ನಿಂತಿದ್ದಾನೆ.

"ಸಹಿ ಮಾಡು ಲತಾ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

"ನನ್ನ ಒಳ್ಳೇದು ನನ್ನ ಕೇಳಿ ಮಾಡ್ರಿ. ಐಪಿ ಹಾಕಿ ಓಡಿದೋನ ಹೆಂಡ್ತಿ ಅಂತಾರ ಓಣ್ಯಾಗ."

ಐಪಿ ಅಂದರೆ ದಿವಾಳಿ ಅರ್ಜಿ. ಆ ಸೀಮೆಯಲ್ಲಿ ಅದು ಬೈಗುಳ.

"ಹಾಕಿಲ್ಲ. ಹಾಕಿದ್ರ ಮಾನ ಹೋಗ್ತದ."

"ಹೆಂಡ್ತೀನ ಬಿಟ್ರ ಮಾನ ಬರ್ತದೇನು?"

ಕದರಮ್ಮ ಕನ್ನಡಕ ತೆಗೆದರು. "ಓಬುಲೇಶ, ಈ ಕಾಗದ ಯಾಕ?"

"ಡೈವರ್ಸ್ ಆದ್ರ ನನ್ನ ಸಾಲ ಆಕೀಗೆ ಹತ್ತಂಗಿಲ್ಲಲ್ರಿ. ಮಷೀನು, ತಾಳಿ ಉಳೀತಾವ."

ಶ್ರೀಲತಾ ಅವನ ಕೈಯ ಕಾಗದ ನೋಡಿದಳು. ಇದಕ್ಕಾ ಬಿಟ್ಟು ಹೋದದ್ದು...

"ಈಕಿ ಸಾಲಕ್ಕ ಸಹಿ ಹಾಕ್ಯಾಳೇನು? ಜಾಮೀನು ನಿಂತಾಳೇನು?" ಕದರಮ್ಮ ಕೇಳಿದರು.

"ಇಲ್ರಿ."

"ಹಂಗಾದ್ರ ನಿನ್ನ ಸಾಲ ಆಕಿ ತೀರಿಸಬೇಕಂತಿಲ್ಲ. ತವರಿನ ಮಷೀನು ಆಕೀದು. ತಾಳೀನ ಕೋರ್ಟೇ ಜಪ್ತಿ ಮಾಡಂಗಿಲ್ಲ. ಮನೀಗೆ ಬಂದು ಹೆದರಿಸಿದ್ರ ಪೊಲೀಸರಿಗೆ ಬರೆದು ಕೊಡ್ರಿ. ತೀರಿಸಾಕ ಆಗದಿದ್ರ ಅನಂತಪುರದ ಕೋರ್ಟಿನಾಗ ಐಪಿ ಹಾಕು. ಇದ್ದದ್ದೆಲ್ಲ ಬರಿ, ಮುಚ್ಚಿಡಬ್ಯಾಡ. ಅದು ಕಾನೂನು ಕೊಟ್ಟ ದಾರಿ, ಕಳ್ಳತನ ಅಲ್ಲ. ಸಾಲ ತಪ್ಪಿಸಾಕ ಸುಳ್ಳು ಡೈವರ್ಸ್ ಮಾಡಿದ್ರ ಇಬ್ರೂ ಸಿಕ್ಕೊಂತೀರಿ."

ಶ್ರೀಲತಾಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಬಾಬಿನ್ ಕೇಸು ಯಾಕ ಕಿತ್ರಿ?"

"ಓಡದ ಮಷೀನು ಗುಜರಿ ಅಂತ ಫೈನಾನ್ಸಿನವ್ರು ಬಿಟ್ಟು ಹೋಗ್ತಾರ ಅಂದ್ಕಂಡೆ..."

"ನನಗ ಒಂದು ಮಾತು ಹೇಳಾಕ ಬಾಯಿ ಇರ್ಲಿಲ್ಲೇನು?"

"ಹೇಳಿದ್ರ ನೀ ಜೋಡಿ ನಿಲ್ತಿದ್ದಿ. ನಿನ್ನ ಮುಳುಗಿಸಾಕ ಮನಸು ಬರ್ಲಿಲ್ಲ."

"ಮತ್ತ ಜಂಬುಕೇಶ್ವರನ ಮುಂದ ತಾಳಿ ಕಟ್ಟಿಸಿಕೊಂಡಿದ್ದು ಯಾತಕ್ಕ? ಜೋಡಿ ನಿಲ್ಲಾಕ ಅಲ್ಲೇನು?"

ಶ್ರೀಲತಾ ಅವನ ಕೈಯಿಂದ ಕಾಗದ ಕಿತ್ತು ಜಗುಲಿಯಾಚೆ ಹಿಡಿದು ಬೆರಳು ಸಡಿಲಿಸಿದಳು. ಉಳಿದದ್ದನ್ನು ಗಾಳಿ ನೋಡಿಕೊಂಡಿತು.

"ಅನಂತಪುರಕ್ಕ ಇಬ್ರೂ ಹೋಗೋಣು," ಎಂದಳು.

"ಸಿಟ್ಟು ಹೋತೇನು?"

"ಇಲ್ಲ. ಮನೀಗೆ ಬರ್ರಿ, ಇನ್ನೂ ಐತಿ."

ಓಬುಲೇಶ ಅಂಗಿಯ ಜೇಬಿನಿಂದ ಅರಿವೆಯ ಸಣ್ಣ ಗಂಟು ತೆಗೆದು ಬಿಚ್ಚಿ, ಬಾಬಿನ್ ಕೇಸನ್ನು ಅವಳ ಅಂಗೈಯಲ್ಲಿಟ್ಟ. ಎಣ್ಣೆ ಹಚ್ಚಿ ಹಚ್ಚಿ ಕಾಪಾಡಿದ ಉಕ್ಕು... ಎಲ್ಲೂ ತುಕ್ಕಿರಲಿಲ್ಲ.