ಮೂಗಿಗೆ ನಿಲುಕದ ಅತ್ತರು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ತೊಗರಿಯನ್ನೇ ನಂಬಿ ಬದುಕುವ ಹೊಂಗಾಲ ಎಂಬ ರಾಜ್ಯವಿತ್ತು. ಅದರ ಮೇಲೆ ಧೂಮಕೇಶಿ ಎಂಬ ಮಾಯಾವಿಯ ಕಣ್ಣು ಬಿತ್ತು. ಅವನು ಗಡ್ಡ ಕೊಡವಿದರೆ ಸಾಕು, ಒಂದೊಂದು ಕೂದಲೂ ಒಂದೊಂದು ಪತಂಗವಾಗಿ ಹಾರುತ್ತಿತ್ತು. ಪತಂಗ ಮೊಟ್ಟೆಯಿಟ್ಟಿತು, ಮೊಟ್ಟೆ ಹುಳುವಾಯಿತು, ಹುಳು ಕಾಯಿ ಕೊರೆಯಿತು. ಅವುಗಳ ಸಂತತಿ ಬೆಳೆದಷ್ಟೂ ಅವನ ಗಡ್ಡವೂ ಬೆಳೆಯಿತು. ಎರಡು ವರ್ಷ ಒಂದು ಕಾಳೂ ಮನೆಗೆ ಬರಲಿಲ್ಲ. ಬಿತ್ತನೆಗೆ ಉಳಿದದ್ದು ಒಂದೇ ಕಣಜ. ಅದನ್ನು ಬಿತ್ತಿದ ಬೆಳೆಯೂ ಹೋದರೆ ರಾಜ್ಯವೇ ತನ್ನದೆಂದು ಮಾಯಾವಿ ಸಾರಿದ.

ಶೂರರು ಕತ್ತಿ ಬೀಸಿದರು; ಪತಂಗಕ್ಕೆ ಕತ್ತಿ ಏನು ಮಾಡೀತು? ಆಗ ಮುಂದೆ ಬಂದವನು ಅತ್ತರು ಕಾಸುವ ಕೇತಣ. ಹತ್ತು ಹೂ ಬೆರೆಸಿಟ್ಟರೂ ಒಂದೊಂದನ್ನೂ ಹೆಸರು ಹಿಡಿದು ಹೇಳುವ ಮೂಗು ಅವನದು. ಜಂಬವೂ ಮೂಗಿನಷ್ಟೇ ಉದ್ದ.

ಮೊದಲ ಸಂಜೆ ಅವನು ಒಂದು ಹೆಣ್ಣು ಪತಂಗವನ್ನು ಬುಟ್ಟಿಯಲ್ಲಿಟ್ಟು ಹೊಲದಲ್ಲಿ ತೂಗುಹಾಕಿದ. ಎಲ್ಲೆಲ್ಲಿಂದಲೋ ಗಂಡುಗಳು ಬಂದು ಮುತ್ತಿದವು. ಹೆಣ್ಣಿನ ಮೈಯ ಕಂಪೇ ಕರೆಯುತ್ತಿದೆ ಎಂದು ಅವನಿಗೆ ಹೊಳೆಯಿತು. ಆದರೆ ಎಷ್ಟು ಮೂಸಿದರೂ ಅವನ ಮೂಗಿಗೆ ಏನೂ ತಿಳಿಯಲಿಲ್ಲ.

ಎರಡನೆಯ ಸಂಜೆ ಆ ಕಂಪನ್ನು ಎಣ್ಣೆಗಿಳಿಸಿದ. ವಾಸನೆಯೇ ಇಲ್ಲದ ಅತ್ತರನ್ನು ಯಾವ ಮುಖ ಹೊತ್ತು ಹೊರಗೆ ತರುವುದು? ಒಂದು ಹನಿ ಸಂಪಿಗೆ, ಒಂದು ಹನಿ ಕೇದಗೆ ಬೆರೆಸಿದ. ಊರೆಲ್ಲ ಘಮಘಮ. ಪತಂಗ ಮಾತ್ರ ಒಂದೂ ಬರಲಿಲ್ಲ.

ಅವನ ತಾಯಿ ನಾಗಲೆ ಸೀಸೆ ಮೂಸಿ ನಕ್ಕಳು. "ಮದುವೆ ಪತಂಗಕ್ಕೋ ನಿನಗೋ, ಮಗನೆ?"

ಕೇತಣ ನಾಚಿ ತಲೆ ತಗ್ಗಿಸಿದ.

ಮೂರನೆಯ ಸಂಜೆ ಹೂ ಬೆರೆಸದೆ, ಪತಂಗದ ಕಂಪಷ್ಟೇ ಇಳಿಸಿದ ಎಣ್ಣೆಯಲ್ಲಿ ಸಾವಿರ ದಾರ ಅದ್ದಿ, ಹೊಲದುದ್ದಕ್ಕೂ ಸಾವಿರ ಕೋಲಿಗೆ ಕಟ್ಟಿದರು. ತೊಗರಿ ಆಗಲೇ ಹೂಬಿಟ್ಟಿತ್ತು. ಇನ್ನೊಂದು ಸಲಕ್ಕೆ ಹೊತ್ತಿರಲಿಲ್ಲ. ತನ್ನ ಮೂಗು ಒಪ್ಪದ್ದನ್ನು ನಂಬಿ ನಿಲ್ಲುವುದು ಕೇತಣನಿಗೆ ಪ್ರಾಣಸಂಕಟವಾಗಿತ್ತು. ಗಂಡುಗಳು ಬಂದವು. ಈ ಕೋಲಿಗೆ ಹಾರಿದವು, ಹೆಣ್ಣಿಲ್ಲ. ಆ ಕೋಲಿಗೆ ಹಾರಿದವು, ಅಲ್ಲೂ ಇಲ್ಲ. ಗಾಳಿಯೆಲ್ಲ ಮದುವಣಗಿತ್ತಿಯಾದರೆ ಯಾರನ್ನೆಂದು ಹುಡುಕುವುದು? ಕೆಲವೇ ದಿನಗಳಲ್ಲಿ ರೆಕ್ಕೆ ಸೋತು ಉದುರಿದವು. ಎಲೆಯ ಕೆಳಗೆ ಕೂತ ಹೆಣ್ಣುಗಳು ಕಾದು ಕಾದು ಮುದಿಯಾದವು. ಆ ವರ್ಷ ಹೊಲದಲ್ಲಿ ಹುಳು ಹುಟ್ಟಲಿಲ್ಲ.

ಧೂಮಕೇಶಿ ಗಡ್ಡ ಕೊಡವಲು ಕೈಯಿಟ್ಟ. ಸಿಕ್ಕಿದ್ದು ಬೋಳು ಗಲ್ಲ. ಮಾಯೆ ಕಳೆದ ಮುದುಕ ಹಸಿದು ಸುಗ್ಗಿಯ ಕಣಕ್ಕೆ ಬಂದು ನಿಂತ. ಜನ ಕಲ್ಲೆತ್ತಿದರು. ನಾಗಲೆ ಅವರನ್ನು ತಡೆದು, ಅವನಿಗೂ ಎಲೆ ಹಾಕಿ ಹೊಸ ತೊಗರಿಯ ಬೇಳೆ ಬಡಿಸಿದಳು.

"ಉಣ್ಣು. ಎರಡು ವರ್ಷ ನಮ್ಮ ಮಕ್ಕಳು ಅತ್ತದ್ದು ಇದಕ್ಕೇ."

ಅವನು ತಲೆಯೆತ್ತದೆ ಉಂಡ. ಅಂದಿನಿಂದ ಹೊಂಗಾಲದಲ್ಲಿ ಯಾರ ಮನೆಯ ಒಲೆಯೂ ಆರಲಿಲ್ಲ. ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು.